ಗೊಣ್ಣೆ ಹುಳುವಿನ ಔಷಧ ಮತ್ತು ಹುಲ್ಲಿನ ಗೊಬ್ಬರ: ನಾನು ಅನುಸರಿಸುವ ಕ್ರಮ

ನ್ಯೂಜೆರ್ಸಿಯ ನಮ್ಮ ಮನೆಯ ಹುಲ್ಲುಹಾಸನ್ನು ಕಾಡುವುದು ಜಪಾನಿ ದುಂಬಿಯ ಮರಿಹುಳು. ಅಮೆರಿಕದಲ್ಲಿ ಈ ದುಂಬಿ ಮೊದಲು ಕಂಡದ್ದು 1916ರಲ್ಲಿ, ಇದೇ ರಾಜ್ಯದ ರಿವರ್ಟನ್ ಬಳಿ. ನಮ್ಮೂರಿನ ಕಬ್ಬು, ಅಡಿಕೆಗಳ ಬೇರು ಕಡಿಯುವ ಗೊಣ್ಣೆ ಹುಳುವಿನ ಕುಟುಂಬಕ್ಕೇ ಸೇರಿದ್ದರಿಂದ ನಾನು ಇದನ್ನೂ ಗೊಣ್ಣೆ ಹುಳುವೆಂದೇ ಕರೆಯುತ್ತೇನೆ.

ಇಲ್ಲಿನ ಅಂಗಡಿಗಳಲ್ಲಿ ಗೊಬ್ಬರ ಮತ್ತು ಹುಳುವಿನ ಔಷಧ ಎರಡೂ ಬೆರೆತ ಚೀಲಗಳು ಸಿಗುತ್ತವೆ. ನಾನು ಅವನ್ನು ಕೊಳ್ಳುವುದಿಲ್ಲ. ಹುಳು ಬಾರದಂತೆ ತಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ ನಿಧಾನವಾಗಿ ಬೇರಿನ ಮಟ್ಟಕ್ಕೆ ಇಳಿಯುವುದರಿಂದ, ಜುಲೈ ಹೊತ್ತಿಗೆ ದುಂಬಿಗಳು ಮೊಟ್ಟೆಯಿಡುವುದಕ್ಕೆ ಸಾಕಷ್ಟು ಮೊದಲೇ, ಅಂದರೆ ಮೇ ತಿಂಗಳಲ್ಲಿ ಅದನ್ನು ಹಾಕಬೇಕು. ಆದರೆ ಟಾಲ್ ಫೆಸ್ಕ್ಯೂ, ಬ್ಲೂಗ್ರಾಸ್‌ನಂತಹ ಚಳಿನಾಡಿನ ಹುಲ್ಲಿಗೆ ಮುಖ್ಯ ಗೊಬ್ಬರ ಬೇಕಾಗುವುದು ಸೆಪ್ಟೆಂಬರಿನಲ್ಲಿ. ಬೇಸಿಗೆಯ ಹೊಸ್ತಿಲಲ್ಲಿ ಸಾರಜನಕ ಹೆಚ್ಚಾದರೆ ಹುಲ್ಲಿಗೆ ಶಿಲೀಂಧ್ರ ರೋಗ ಬರುವ ಸಂಭವ ಹೆಚ್ಚು. ಒಂದೇ ಚೀಲ ತಂದರೆ ಇವೆರಡರಲ್ಲಿ ಒಂದು ಅಕಾಲದಲ್ಲಿ ಬಿದ್ದಂತೆಯೇ. ಇಮಿಡಾಕ್ಲೋಪ್ರಿಡ್ ಗುಂಪಿನ ಔಷಧಗಳನ್ನಂತೂ, ಜೇನ್ನೊಣಗಳ ಹಿತದೃಷ್ಟಿಯಿಂದ 2022ರಲ್ಲಿ ಆದ ಕಾನೂನಿನ ಪ್ರಕಾರ, ಇಲ್ಲಿ ಮನೆಯಂಗಳಕ್ಕೆ ಬಳಸುವಂತಿಲ್ಲ.

ತಡೆ ಔಷಧ ಹಾಕಿರದ ಭಾಗದಲ್ಲಿ ಆಗಸ್ಟ್ ಕೊನೆಗೆ ಚದರಡಿಯಷ್ಟು ಹುಲ್ಲನ್ನು ಸಲಿಕೆಯಿಂದ ಮೂರು ಬದಿ ಕತ್ತರಿಸಿ, ಚಾಪೆ ಮಡಿಚುವಂತೆ ಹಿಂದಕ್ಕೆ ಮಗುಚಿ ನೋಡುತ್ತೇನೆ. ಕೆನೆಬಣ್ಣದ ಮೈ, ಕಂದು ತಲೆಯ ಹುಳು ಅರ್ಧಚಂದ್ರದ ಆಕಾರದಲ್ಲಿ ಮುದುಡಿಕೊಂಡಿರುತ್ತದೆ. ಅದರ ಹಿಂತುದಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ರೋಮಗಳು ಇಂಗ್ಲಿಷಿನ ವಿ ಅಕ್ಷರದಂತೆ ಜೋಡಿಸಿದ್ದರೆ ಅದು ಜಪಾನಿ ದುಂಬಿಯದೇ. ಚದರಡಿಗೆ ಹತ್ತಕ್ಕಿಂತ ಕಡಿಮೆ ಇದ್ದರೆ ಆರೋಗ್ಯವಂತ ಹುಲ್ಲು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆಗ ಔಷಧದ ಮಾತೇ ಬೇಡ.

ಅದಕ್ಕಿಂತ ಹೆಚ್ಚಿದ್ದರೆ, ಆಗಲೇ ಇರುವ ಹುಳುವನ್ನು ಕೊಲ್ಲುವ ಟ್ರೈಕ್ಲೋರ್ಫಾನ್ ಎಂಬ ಔಷಧದ ಹರಳು ಹಾಕುತ್ತೇನೆ. ಗೊಬ್ಬರದ ಕಾಲವೂ ಅದೇ ಆದ್ದರಿಂದ ಎಚ್ಚರ ಬೇಕಾಗುವುದು ಇಲ್ಲಿಯೇ. ಔಷಧ ಹುಲ್ಲಿನ ಬುಡದ ಒಣಪದರವನ್ನು ದಾಟಿ ಬೇರಿಗೆ ತಲುಪಲು ಸುಮಾರು ಅರ್ಧ ಅಂಗುಲ ನೀರು ಬೇಕು. ಅಂಗಳದಲ್ಲಿ ಖಾಲಿ ಡಬ್ಬಿಯಿಟ್ಟು ಅಷ್ಟು ನೀರು ಬಿತ್ತೇ ಎಂದು ಅಳೆಯುತ್ತೇನೆ. ಗೊಬ್ಬರಕ್ಕೆ ಅಷ್ಟು ನೀರು ಬೇಕಿಲ್ಲ, ಎಲೆಯ ಮೇಲಿನ ಹರಳು ಮಣ್ಣಿಗೆ ಇಳಿದರೆ ಸಾಕು. ಹುಳು ತಿಂದು ಅರೆಬರೆಯಾದ ಬೇರು ಸಾರಜನಕವನ್ನು ಹೀರುವಷ್ಟರಲ್ಲಿ ಅದು ನೀರಿನೊಡನೆ ಕೆಳಗೆ ಹರಿದುಹೋಗಬಾರದೆಂದು ಮೊದಲು ಔಷಧ ಮತ್ತು ನೀರು, ಕೆಲವು ದಿನ ಬಿಟ್ಟು ನಿಧಾನವಾಗಿ ಕರಗುವ ಗೊಬ್ಬರ, ಹೀಗೆ ಕ್ರಮವಿಟ್ಟುಕೊಂಡಿದ್ದೇನೆ. ಕಳೆನಾಶಕ ಸೇರಿದ ಗೊಬ್ಬರವನ್ನು ಆ ವಾರ ಮುಟ್ಟುವುದಿಲ್ಲ, ಏಕೆಂದರೆ ಕಳೆನಾಶಕ ಎಲೆಯ ಮೇಲೆ ಒಂದೆರಡು ದಿನ ಉಳಿಯಬೇಕು, ಹುಳುವಿನ ಔಷಧವಾದರೋ ಕೂಡಲೇ ತೊಳೆದು ಕೆಳಗಿಳಿಯಬೇಕು. ಸುಣ್ಣವನ್ನೂ ಮುಂದೂಡುತ್ತೇನೆ, ಕ್ಷಾರ ಹೆಚ್ಚಿದ ಕಡೆ ಟ್ರೈಕ್ಲೋರ್ಫಾನ್ ಬೇಗ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ.

ಕೈಗವಸು, ಮುಚ್ಚಿದ ಪಾದರಕ್ಷೆ ಹಾಕಿಕೊಂಡು, ಗಾಳಿಯಿಲ್ಲದ ಹೊತ್ತಿನಲ್ಲಿ, ಜೇನ್ನೊಣಗಳು ಬರುವ ಕ್ಲೋವರ್ ಗಿಡ ಹೂಬಿಟ್ಟಿದ್ದರೆ ಮೊದಲು ಅದನ್ನು ಕತ್ತರಿಸಿ, ಲೇಬಲ್‌ನಲ್ಲಿ ಹೇಳಿದ ಪ್ರಮಾಣಕ್ಕೆ ಸ್ಪ್ರೆಡರ್ (ಹರಳು ಚೆಲ್ಲುವ ಗಾಡಿ) ಹೊಂದಿಸಿ ಹರಡುತ್ತೇನೆ. ಕಾಲುದಾರಿಗೆ ಸಿಡಿದ ಹರಳನ್ನು ಪೊರಕೆಯಿಂದ ಹುಲ್ಲಿಗೇ ಗುಡಿಸುತ್ತೇನೆ. ಬೀದಿಯ ಮಳೆನೀರಿನ ಚರಂಡಿಗೆ ಬಿದ್ದದ್ದು ನೇರವಾಗಿ ಹಳ್ಳ ಸೇರುತ್ತದೆ. ನೀರು ಹಾಯಿಸಿ ಹುಲ್ಲು ಪೂರ್ತಿ ಒಣಗುವವರೆಗೆ ಮಕ್ಕಳನ್ನೂ ನಾಯಿಯನ್ನೂ ಅತ್ತ ಬಿಡುವುದಿಲ್ಲ. ಗೊಬ್ಬರಕ್ಕೆ 2011ರ ರಾಜ್ಯ ಕಾನೂನಿನ ಮಿತಿಯೂ ಇದೆ: ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಹುಲ್ಲಿಗೆ ಗೊಬ್ಬರ ಹಾಕುವಂತಿಲ್ಲ.

ಹಿತ್ತಲಿನಲ್ಲಿ ಬೆಂಡೆ, ಮೆಂತ್ಯದ ಪಾತಿಯ ಸುತ್ತಲಿನ ಹುಲ್ಲಿಗೆ ರಾಸಾಯನಿಕವನ್ನೇ ಹಾಕದೆ, ಗೊಣ್ಣೆ ಹುಳುವಿನ ದೇಹ ಹೊಕ್ಕು ಕೊಲ್ಲುವ ಅತಿ ಸಣ್ಣ ದುಂಡುಹುಳುಗಳಾದ ಹೆಟೆರೋರ‍್ಹಾಬ್ಡಿಟಿಸ್ ನೆಮಟೋಡ್‌ಗಳನ್ನು ಬಳಸುತ್ತೇನೆ. ಅವು ಜೀವಿಗಳು, ಬಿಸಿಲಿಗೆ ಸಾಯುತ್ತವೆ. ಆದ್ದರಿಂದ ಸಂಜೆ, ಮೊದಲೇ ನೆನೆಸಿದ ಮಣ್ಣಿಗೆ ಸುರಿದು ಮುಂದೆಯೂ ಹಸಿ ಆರದಂತೆ ನೋಡಿಕೊಳ್ಳುತ್ತೇನೆ. ಗಾಢ ಸಾರಜನಕ ಅವಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಅಲ್ಲಿನ ಹುಲ್ಲಿಗೆ ಗೊಬ್ಬರವನ್ನು ಎರಡು ವಾರ ತಡವಾಗಿಯೇ ಹಾಕುತ್ತೇನೆ.