ಕರ್ನಲ್ ಕಂಪೈಲ್ ಮಾಡ್ತೀರಾ? ರೂಟ್ ಫೈಲ್‌ಸಿಸ್ಟಮ್‌ಗೆ ‘ಎಂ’ ಅಲ್ಲ, ‘ವೈ’ ಒತ್ತಿ

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್‌ನಿಂದ ನಾವೇ ಕಂಪೈಲ್ ಮಾಡೋಣ ಅಂತ ಆಸೆಯಿಂದ ಕೂತು, ಗಂಟೆಗಟ್ಲೆ ಕಾದು, ಕೊನೆಗೆ ರೀಬೂಟ್ ಮಾಡಿದ್ರೆ ಕರ್ನಲ್ ಪ್ಯಾನಿಕ್, ಅಂದ್ರೆ ಸಿಸ್ಟಮ್ ಮುಂದೆ ಹೋಗದೆ ನಿಂತೇ ಬಿಡುತ್ತೆ. ಹೀಗೆ ಪೆಚ್ಚಾದವರನ್ನ ತುಂಬಾ ನೋಡಿದೀನಿ, ಮುಕ್ಕಾಲು ಪಾಲು ಜನ ಎಡವೋದು ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವಿಧಾನ) ಹತ್ರಾನೇ.

ಮೊದಲು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ನಿಮ್ಮ ರೂಟ್ ಪಾರ್ಟಿಶನ್ (ಲಿನಕ್ಸ್ ಕೂತಿರೋ ಡಿಸ್ಕಿನ ಭಾಗ) ಎಕ್ಸ್‌ಟ್4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್ ಇದರಲ್ಲಿ ಯಾವುದು ಅಂತ ನೋಡಿ ಬರ್ಕೊಳ್ಳಿ. ಆಮೇಲೆ ಬೂಟ್ ಫೋಲ್ಡರ್‌ನಲ್ಲಿರೋ ಈಗಿನ ಕರ್ನಲ್‌ನ ಕಾನ್ಫಿಗ್ (ಆಯ್ಕೆಗಳ) ಫೈಲನ್ನ ಹೊಸ ಕರ್ನಲ್‌ನ ಸೋರ್ಸ್ ಫೋಲ್ಡರ್‌ಗೆ ‘.ಕಾನ್ಫಿಗ್’ ಅಂತ ಕಾಪಿ ಮಾಡಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’, ‘ಮೇಕ್ ಮೆನುಕಾನ್ಫಿಗ್’ ಓಡಿಸಿ.

ಈಗ ‘ಫೈಲ್ ಸಿಸ್ಟಮ್ಸ್’ ಮೆನುಗೆ ಹೋಗಿ. ಇಲ್ಲಿ ನಿಧಾನ. ‘ವೈ’ ಒತ್ತಿದ್ರೆ ಸ್ಟಾರ್ ಬರುತ್ತೆ, ಅಂದ್ರೆ ಆ ಡ್ರೈವರ್ ಕರ್ನಲ್ ಒಳಗೇ ಸೇರುತ್ತೆ. ‘ಎಂ’ ಒತ್ತಿದ್ರೆ ಬೇಕಾದಾಗ ಲೋಡ್ ಆಗೋ ಬೇರೆ ಫೈಲ್, ಅಂದ್ರೆ ಮಾಡ್ಯೂಲ್ ಆಗುತ್ತೆ, ಆ ಮಾಡ್ಯೂಲ್ ಕೂತಿರೋದು ರೂಟ್ ಪಾರ್ಟಿಶನ್‌ನಲ್ಲೇ, ಆ ಪಾರ್ಟಿಶನ್ ಓದೋಕೆ ಅದೇ ಮಾಡ್ಯೂಲ್ ಬೇಕು, ಬೀಗದ ಕೈನ ಪೆಟ್ಟಿಗೆ ಒಳಗಿಟ್ಟು ಬೀಗ ಹಾಕ್ದಂಗೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲೇ ಮೆಮೊರಿಗೆ ಬರೋ ಪುಟ್ಟ ಫೈಲ್‌ಸಿಸ್ಟಮ್) ಇದ್ರೆ ‘ಎಂ’ ಕೂಡ ನಡೆಯುತ್ತೆ, ಆದ್ರೂ ನನ್ನ ಮಾತು ಕೇಳಿ, ರೂಟ್‌ಗೆ ‘ವೈ’ನೇ ಕೊಡಿ. ಹಳೇ ಎಕ್ಸ್‌ಟ್3 ಡಿಸ್ಕ್ ಇದ್ರೆ ಬೇರೆ ಡ್ರೈವರ್ ಹುಡುಕಬೇಡಿ, 2015ರ 4.3 ಕರ್ನಲ್‌ನಲ್ಲೇ ಅದನ್ನ ತೆಗೆದಾಯ್ತು, ಎಕ್ಸ್‌ಟ್4 ಡ್ರೈವರೇ ಅದನ್ನೂ ಓದುತ್ತೆ.

ಫೈಲ್‌ಸಿಸ್ಟಮ್ ಒಂದಕ್ಕೇ ‘ವೈ’ ಕೊಟ್ರೆ ಸಾಲದು, ಡಿಸ್ಕಿನ ಡ್ರೈವರ್‌ಗೂ ಕೊಡಿ, ಎನ್‌ವಿಎಂಇ ಡಿಸ್ಕ್ ಇದ್ರೆ ಎನ್‌ವಿಎಂಇ ಡ್ರೈವರ್, ಸಾಟಾ ಡಿಸ್ಕ್ ಇದ್ರೆ ಎಎಚ್‌ಸಿಐ ಡ್ರೈವರ್. ಪ್ಯಾನಿಕ್ ಸಾಲಲ್ಲಿ ‘ಅನ್‌ನೋನ್-ಬ್ಲಾಕ್(0,0)’ ಅಂತ ಬಂದ್ರೆ ಕರ್ನಲ್‌ಗೆ ಡಿಸ್ಕೇ ಸಿಕ್ಕಿಲ್ಲ, ರೂಟ್ ಹೆಸರು ತಪ್ಪಾಗಿದ್ರೂ ಹಿಂಗೇ ಬರುತ್ತೆ. ಬ್ರಾಕೆಟ್ಟಲ್ಲಿ 8,2 ಥರ ನಂಬರ್ ಇದ್ರೆ ಡಿಸ್ಕ್ ಸಿಕ್ಕಿದೆ, ಫೈಲ್‌ಸಿಸ್ಟಮ್ ಡ್ರೈವರ್ ಇಲ್ಲ ಅಂತ ಅನುಮಾನ ಪಡಿ.

ಜನ ಎಡವೋ ಇನ್ನೊಂದು ಜಾಗ ವಿಫ್ಯಾಟ್ ಫೈಲ್‌ಸಿಸ್ಟಮ್. ಇಎಫ್‌ಐ ಪಾರ್ಟಿಶನ್‌ಗೆ (ಬೂಟ್ ಫೈಲ್‌ಗಳಿರೋ ಭಾಗ) ಇದು ಬೇಕೇ ಬೇಕು. ಬರೀ ವಿಫ್ಯಾಟ್ ಟಿಕ್ ಮಾಡಿ ಬಿಟ್ರೆ ಮೌಂಟ್ ಆಗಲ್ಲ, ಅದೇ ಮೆನುವಿನ ಕೆಳಗಡೆ ‘ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್’ ಒಳಗೆ ಕೋಡ್‌ಪೇಜ್ 437, ಐಎಸ್‌ಒ 8859-1 ಎರಡನ್ನೂ ಆನ್ ಮಾಡಿ.

ಪೆನ್‌ಡ್ರೈವ್‌ಗೆ ಎಕ್ಸ್‌ಫ್ಯಾಟ್, ವಿಂಡೋಸ್ ಪಾರ್ಟಿಶನ್‌ಗೆ 5.15 ಕರ್ನಲ್‌ನಿಂದ ಬಂದಿರೋ ಎನ್‌ಟಿಎಫ್‌ಎಸ್3, ಇವಕ್ಕೆ ‘ಎಂ’ ಸಾಕು. ಉಬುಂಟುನಲ್ಲಿ ಸ್ನ್ಯಾಪ್ ಆ್ಯಪ್‌ಗಳನ್ನ ಬಳಸೋರು, ಅವು ಕೂತಿರೋ ಸ್ಕ್ವಾಶ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮರೀಬೇಡಿ.

‘ಲೋಕಲ್‌ಮಾಡ್‌ಕಾನ್ಫಿಗ್’ ಅನ್ನೋ ಶಾರ್ಟ್‌ಕಟ್ ಬಗ್ಗೆ ಹುಷಾರು, ಅದು ಆ ಕ್ಷಣಕ್ಕೆ ಲೋಡ್ ಆಗಿರೋ ಮಾಡ್ಯೂಲ್ ಮಾತ್ರ ಉಳಿಸ್ಕೊಳ್ಳುತ್ತೆ, ಪೆನ್‌ಡ್ರೈವ್ ಚುಚ್ಚದೇ ಓಡಿಸಿದ್ರೆ ಎಕ್ಸ್‌ಫ್ಯಾಟ್ ಮಾಯ. ಹೊಸಬರು ಅದರ ತಂಟೆಗೇ ಹೋಗಬೇಡಿ.

ಉಳಿದದ್ದು ಸುಲಭ: ಸೇವ್ ಮಾಡಿ, ‘ಮೇಕ್’, ಆಮೇಲೆ ರೂಟ್ ಯೂಸರ್ (ಅಡ್ಮಿನ್) ಆಗಿ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’, ‘ಮೇಕ್ ಇನ್‌ಸ್ಟಾಲ್’. ಹಳೇ ಕರ್ನಲ್ ಮಾತ್ರ ಗ್ರಬ್ ಮೆನುವಿಂದ (ಬೂಟ್ ಆಗೋವಾಗ ಕರ್ನಲ್ ಆರಿಸೋ ಪಟ್ಟಿ) ತೆಗೀಬೇಡಿ. ಬೂಟ್ ಆದ್ಮೇಲೆ ‘/ಪ್ರಾಕ್/ಫೈಲ್‌ಸಿಸ್ಟಮ್ಸ್’ ತೆಗೆದು ನೋಡಿ, ‘ವೈ’ ಕೊಟ್ಟಿದ್ದೆಲ್ಲ ಅಲ್ಲಿರಬೇಕು. ‘ಎಂ’ ಕೊಟ್ಟಿದ್ದು ಲೋಡ್ ಆಗೋವರೆಗೂ ಕಾಣಲ್ಲ, ಅದಕ್ಕೆ ಗಾಬರಿ ಬೇಡ.