ಈ ಕಪ್ಪು ಕಣ ಟೈರಿನದೇ? ಸೂಜಿಯಿಂದ ಒತ್ತಿ ನೋಡಿ

ಸಿಗ್ನಲ್ ಬಳಿಯ ರಸ್ತೆ ಧೂಳಿನಲ್ಲಿ ಟೈರ್ ಸವೆದು ಉದುರಿದ ಕಪ್ಪು ಕಣಗಳಿಗೆ ಬರವಿಲ್ಲ. ಆದರೆ ಡಾಂಬರು, ಇದ್ದಿಲು, ಬ್ರೇಕ್ ಪುಡಿ ಕೂಡ ಕಪ್ಪೇ. ಬಣ್ಣ ನಂಬಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮಳೆಯಿಲ್ಲದ ಮೂರ್ನಾಲ್ಕು ದಿನಗಳ ನಂತರ, ವಾಹನಗಳು ಪದೇ ಪದೇ ಬ್ರೇಕ್ ಹಾಕುವ ಕಡೆ (ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಜಾಗ) ರಸ್ತೆಯಂಚಿನ ಧೂಳು ತನ್ನಿ. ನೈಲಾನ್ ಬ್ರಷ್, ಕಪ್ಪು ಕೈಗವಸು ಬೇಡ; ಅವುಗಳ ಚೂರೇ ಮಾದರಿಗೆ ಸೇರುತ್ತದೆ. ನಾರಿನ ಬ್ರಷ್, ಸ್ಟೀಲ್ ಮೊರ, ಗಾಜಿನ ಜಾಡಿ ಸಾಕು. 40 ಡಿಗ್ರಿಯಲ್ಲಿ ಒಣಗಿಸಿ, 500 ಮೈಕ್ರಾನ್ ಜರಡಿ ಹಿಡಿಯಿರಿ.

5 ಗ್ರಾಂ ಪುಡಿಗೆ ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ 20 ಮಿ.ಲೀ. ಹಾಕಿದರೆ ಎಲೆ, ಕಸಕಡ್ಡಿಯ ಅಂಶ ಕರಗುತ್ತದೆ. ಒಮ್ಮೆಗೇ ಸುರಿದರೆ ಬಿಸಿಯಾಗಿ ಉಕ್ಕುತ್ತದೆ. ಕನ್ನಡಕ ಹಾಕಿಕೊಂಡು ಸ್ವಲ್ಪಸ್ವಲ್ಪವೇ ಹಾಕಿ. ನೊರೆ ನಿಂತ ಮೇಲೆ ಸೋಸಿ, ತೊಳೆದು, ಒಣಗಿಸಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಪ್ಲಾಸ್ಟಿಕ್ ಕಣ ತೇಲಿಸುವ ಉಪ್ಪುನೀರಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.2 ಗ್ರಾಂ. ಟೈರ್ ಕಣಕ್ಕೆ ರಸ್ತೆಯ ಕಲ್ಲುಪುಡಿ ಮೆತ್ತಿಕೊಂಡಿರುವುದರಿಂದ ಅದು 1.8ರ ಆಸುಪಾಸಿನಲ್ಲಿ ತೂಗುತ್ತದೆ, ಉಪ್ಪುನೀರಿನಲ್ಲಿ ಮರಳಿನ ಜತೆ ತಳ ಸೇರುತ್ತದೆ. ಸೋಡಿಯಂ ಪಾಲಿಟಂಗ್‌ಸ್ಟೇಟ್ (ನೀರಿನಲ್ಲಿ ಕರಗುವ ಭಾರದ ಲವಣ) ದ್ರಾವಣದ ಸಾಂದ್ರತೆಯನ್ನು 2.0ಕ್ಕೆ ಹದ ಮಾಡಿ, ಪುಡಿಯನ್ನು ಅದರಲ್ಲಿ ಕಲಕಿ ರಾತ್ರಿಯಿಡೀ ಬಿಡಿ. ದುಬಾರಿ ನಿಜ, ಆದರೆ ಸೋಸಿ, ಮತ್ತೆ ಹದ ಮಾಡಿ ಬಳಸಬಹುದು.

ತೇಲಿದ್ದನ್ನು ಬಿಳಿ ಸೋಸುಕಾಗದದ ಮೇಲೆ ಹಿಡಿದು, ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ಹಿಗ್ಗಿಸಿ, ಬದಿಯಿಂದ ಬೆಳಕು ಬಿಟ್ಟು ನೋಡಿ. ಟೈರ್ ಕಣ ಹೊಸೆದ ಬತ್ತಿಯಂತೆ ಉದ್ದಕ್ಕಿದ್ದು, ಎರಡೂ ತುದಿ ಸಣ್ಣಗಾಗಿರುತ್ತದೆ. ಮೈಮೇಲೆ ಮಿನುಗುವ ಹರಳುಗಳು, ರವೆಯಲ್ಲಿ ಹೊರಳಿಸಿದ ಹಾಗೆ. ಹೋಲಿಕೆಗೆ ಅರದಿಂದ ಉಜ್ಜಿದ ಟೈರ್ ಪುಡಿ ಇಟ್ಟುಕೊಳ್ಳಿ, ಆದರೆ ಅದಕ್ಕೆ ಈ ರವೆ ಇರುವುದಿಲ್ಲ.

ಈಗ ಸಣ್ಣ ಸೂಜಿಯಿಂದ ಮೆಲ್ಲಗೆ ಒತ್ತಿ. ರಬ್ಬರ್ ತಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಡಾಂಬರು ಚಪ್ಪಟೆಯಾಗಿ ಸೂಜಿಗೆ ಅಂಟುತ್ತದೆ. ಇದ್ದಿಲು ಪುಡಿಯಾಗುತ್ತದೆ. ಸಂಶಯವಿದ್ದರೆ ಒಂದು ತೊಟ್ಟು ಕ್ಸೈಲೀನ್ (ಪೇಂಟ್ ತೆಳುವಾಗಿಸಲು ಬಳಸುವ ದ್ರಾವಕ) ಬಿಡಿ: ಡಾಂಬರು ಕಂದು ಬಣ್ಣ ಬಿಡುತ್ತದೆ, ರಬ್ಬರ್ ಉಬ್ಬಿದರೂ ಕರಗದು. ಬಿಸಿಲಿಗೆ ಬಿದ್ದು ಹಳತಾದ ಕಣ ಗಟ್ಟಿಯಾಗಿ, ಸರಿಯಾಗಿ ಪುಟಿಯದಿರಬಹುದು. ಟೈರ್ ಪುಡಿ ಬೆರೆಸಿದ ಡಾಂಬರಿನ ರಸ್ತೆಯಿದ್ದರೆ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಪುಟಿಯುವುದೆಲ್ಲ ಚಕ್ರದಿಂದ ಸವೆದದ್ದೆಂದು ಬರೆದುಕೊಳ್ಳಬೇಡಿ.

ಸೂಜಿಗೆ ಸಿಗದಷ್ಟು ಸಣ್ಣ ಕಣಗಳಿಗೆ ಧಾತುಗಳನ್ನೂ ಗುರುತಿಸುವ ಎಕ್ಸ್-ರೇ ಸಾಧನ ಜೋಡಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಸತು, ಗಂಧಕ ಒಟ್ಟಿಗೆ ಕಂಡರೆ ವಲ್ಕನೀಕರಿಸಿದ (ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ) ರಬ್ಬರಿನ ಸುಳಿವು. ಸತು ಮಾತ್ರ ಇದ್ದರೆ ಅದು ರಸ್ತೆಬದಿಯ ತಡೆಕಂಬಿಯ ಲೇಪನದ್ದೂ ಆಗಿರಬಹುದು.