ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ: ಭುಜ, ನಾಡಿ, ಮೊಬೈಲು, ಬ್ಯಾಟರಿ

ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದವರು ಮೊದಲು ಕೇಳುವುದು ಮೊಬೈಲು, ಟೀವಿ, ಮೈಕ್ರೋವೇವ್‌ಗಳ ಬಗ್ಗೆ. ತೊಂದರೆ ಬರುವುದು ಹೆಚ್ಚಾಗಿ ಬೇರೆ ಕಡೆಯಿಂದ. ಮೊದಲ ಆರು ವಾರ ಭುಜವನ್ನು ಹೇಗೆ ನೋಡಿಕೊಂಡಿರಿ, ಗಾಯ ಕೆಂಪಾದಾಗ ಎಷ್ಟು ಬೇಗ ತೋರಿಸಿದಿರಿ, ಚೆಕಪ್ ತಪ್ಪಿಸಿದಿರಾ ಎನ್ನುವುದೇ ಮುಖ್ಯ. ಅದಕ್ಕೇ ಇಲ್ಲಿ ಭುಜ ಮೊದಲು, ಮೊಬೈಲು ಆಮೇಲೆ. ನಿಮ್ಮ ವೈದ್ಯರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಬೇಕು. ನಿಮ್ಮ ಯಂತ್ರದ ಸೆಟ್ಟಿಂಗ್ ಅವರಿಗೆ ಗೊತ್ತು.

ಭುಜದ ನಿಯಮ ಯಾಕೆ

ಕೊರಳೆಲುಬಿನ ಕೆಳಗೆ ಚರ್ಮದಡಿ ಇರುವುದು ಟೈಟಾನಿಯಂನ ಪುಟ್ಟ ಡಬ್ಬಿ. ತೂಕ ಸುಮಾರು 20ರಿಂದ 50 ಗ್ರಾಂ. ಒಳಗೆ ಬ್ಯಾಟರಿ ಮತ್ತು ಸರ್ಕ್ಯೂಟ್. ಅದರಿಂದ ಹೊರಟ ಒಂದು, ಎರಡು ಅಥವಾ ಮೂರು ತಂತಿಗಳು (ಆಸ್ಪತ್ರೆಯಲ್ಲಿ ಲೀಡ್ ಎನ್ನುತ್ತಾರೆ) ರಕ್ತನಾಳದೊಳಗಿಂದ ಹೃದಯ ತಲುಪುತ್ತವೆ. ತಂತಿಯ ತುದಿಯನ್ನು ಸಣ್ಣ ತಿರುಪಿನಿಂದಲೋ ಕೊಕ್ಕೆಯಿಂದಲೋ ಹೃದಯದ ಒಳಗೋಡೆಗೆ ಹಿಡಿಸಿರುತ್ತಾರೆ. ಅದರ ಸುತ್ತ ಅಂಗಾಂಶ ಬೆಳೆದು ಗಟ್ಟಿಯಾಗಿ ಕೂರಲು ಕೆಲವು ವಾರ ಬೇಕು. ಅಷ್ಟರೊಳಗೆ ತೋಳನ್ನು ಜೋರಾಗಿ ಮೇಲೆತ್ತಿದರೆ ತಂತಿ ಜಗ್ಗಿ, ತುದಿ ಜಾರಬಹುದು. ಜಾರಿದರೆ ಮತ್ತೆ ಗಾಯ ಬಿಚ್ಚಿ ಸರಿಪಡಿಸಬೇಕಾಗುತ್ತದೆ.

ಆದ್ದರಿಂದ ನಾಲ್ಕರಿಂದ ಆರು ವಾರ, ಯಂತ್ರ ಇರುವ ಬದಿಯ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಒಯ್ಯಬೇಡಿ. ಆ ಕೈಯಲ್ಲಿ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತಬೇಡಿ. ಬಾಗಿಲು ತಳ್ಳುವುದು, ಬಟ್ಟೆ ಹಿಂಡುವುದು, ಹಾಸಿಗೆಯಿಂದ ಏಳುವಾಗ ಆ ಕೈ ಊರಿ ಮೈಭಾರ ಎಳೆಯುವುದು, ಇವೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಳ್ಳಿ. ಮೊದಲು ಆ ಬದಿಯ ಕೈಯನ್ನು ತೋಳಿಗೆ ತೂರಿಸಿ, ಆಮೇಲೆ ಇನ್ನೊಂದನ್ನು. ಬಿಚ್ಚುವಾಗ ಇದರ ತಿರುಗುಮುರುಗು. ತಲೆಯ ಮೇಲಿಂದ ಎಳೆದು ಹಾಕುವ ಬನಿಯನ್ ಸದ್ಯಕ್ಕೆ ಬೇಡ.

ಆದರೆ ಹೆದರಿ ತೋಳನ್ನು ಎದೆಗೆ ಒತ್ತಿಕೊಂಡು ಕೂರುವುದೂ ತಪ್ಪು. ಅಲ್ಲಾಡಿಸದ ಭುಜ ಬಿಗಿದುಕೊಳ್ಳುತ್ತದೆ, ಆಮೇಲೆ ಅದನ್ನು ಸಡಿಲಿಸಲು ತಿಂಗಳುಗಳೇ ಬೇಕಾಗಬಹುದು. ದಿನಕ್ಕೆ ಮೂರ್ನಾಲ್ಕು ಬಾರಿ ಮೊಣಕೈ ಮಡಚಿ ಬಿಡಿಸಿ, ತೋಳನ್ನು ಕೆಳಗೆ ಇಳಿಬಿಟ್ಟು ಸಣ್ಣ ವೃತ್ತದಲ್ಲಿ ತಿರುಗಿಸಿ, ಭುಜವನ್ನು ಹಿಂದೆ ಮುಂದೆ ಸರಿಸಿ. ಊಟ, ಬರವಣಿಗೆ, ಹಲ್ಲುಜ್ಜುವುದು ಎಂದಿನಂತೆ ಆ ಕೈಯಲ್ಲೇ ಮಾಡಬಹುದು.

ತಂತಿಯಿಲ್ಲದ, ತೊಡೆಸಂದಿನ ರಕ್ತನಾಳದ ಮೂಲಕ ನೇರ ಹೃದಯದೊಳಗೇ ಕೂರಿಸುವ ಪೇಸ್‌ಮೇಕರ್ ನಿಮ್ಮದಾದರೆ ಭುಜದ ಈ ಕಟ್ಟುಪಾಡು ಯಾವುದೂ ಇಲ್ಲ. ತೊಡೆಸಂದಿನ ಗಾಯ ನೋಡಿಕೊಂಡರೆ ಸಾಕು.

ಗಾಯ

ಮೊದಲ ಏಳರಿಂದ ಹತ್ತು ದಿನ ಗಾಯ ಒದ್ದೆಯಾಗಬಾರದು. ಕತ್ತಿನಿಂದ ಮೇಲೆ ಮತ್ತು ಸೊಂಟದಿಂದ ಕೆಳಗೆ ನೀರು ಹಾಕಿಕೊಂಡು, ನಡುಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಪುಡಿ, ಎಣ್ಣೆ, ಮುಲಾಮು ಯಾವುದೂ ಬೇಡ. ಹಕ್ಕಳೆ ತಾನಾಗಿ ಉದುರಬೇಕು. ಸ್ವಲ್ಪ ನೋವು, ಊತ, ಚರ್ಮ ನೀಲಿಗಟ್ಟುವುದು ಸಹಜ. ಬಣ್ಣ ಕೆಳಗಿಳಿಯುತ್ತಾ ಹಳದಿಯಾಗಿ ಮಾಯವಾಗುತ್ತದೆ.

ಸಹಜವಲ್ಲದ್ದು: ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು, ಬಿಸಿ, ಉಬ್ಬು, ಹೊಲಿಗೆಯ ಸಂದಿಯಿಂದ ನೀರು ಅಥವಾ ಕೀವು, ಜ್ವರ, ಚಳಿ. ಹೀಗಾದರೆ ಯಂತ್ರ ಹಾಕಿದ ಆಸ್ಪತ್ರೆಗೇ ಅದೇ ದಿನ ಹೋಗಿ. ಹತ್ತಿರದಲ್ಲಿ ಯಾರಾದರೂ "ಕೀವು ತೆಗೆದುಬಿಡೋಣ" ಎಂದು ಸೂಜಿ ತೆಗೆದುಕೊಂಡರೆ ಬೇಡವೆನ್ನಿ. ಬರೀ ರಕ್ತ ಕಟ್ಟಿದ ಉಬ್ಬಿಗೆ ಸೂಜಿ ಚುಚ್ಚಿದರೂ ಸೋಂಕು ಒಳಗೆ ಹೋಗುತ್ತದೆ, ಮತ್ತು ಯಂತ್ರಕ್ಕೆ ಸೋಂಕು ತಗುಲಿದರೆ ಬರೀ ಮಾತ್ರೆಯಿಂದ ವಾಸಿಯಾಗುವುದು ಅಪರೂಪ. ಡಬ್ಬಿ, ತಂತಿ ಎಲ್ಲ ತೆಗೆಯಬೇಕಾಗುತ್ತದೆ. ವರ್ಷಗಳ ನಂತರವೂ ಅಷ್ಟೇ. ಡಬ್ಬಿಯ ಅಂಚಿನ ಮೇಲೆ ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ, ಕೆಂಪಾಗಿದ್ದರೆ, ಚರ್ಮ ತೂತಾಗುವ ಮುಂಚೆಯೇ ತೋರಿಸಿ.

ಇನ್ನೊಂದು ಅಭ್ಯಾಸ ಬಿಡಬೇಕು: ಕೂತಲ್ಲಿ ನಿಂತಲ್ಲಿ ಡಬ್ಬಿಯನ್ನು ಮುಟ್ಟಿ, ತಳ್ಳಿ, ತಿರುಗಿಸುವುದು. ಡಬ್ಬಿ ಒಳಗೆ ಉರುಳುತ್ತಾ ಹೋದಂತೆ ತಂತಿ ಅದಕ್ಕೆ ಸುತ್ತಿಕೊಂಡು ಹೃದಯದಿಂದ ಕಿತ್ತು ಬಂದ ಉದಾಹರಣೆಗಳಿವೆ.

ನಾಡಿ ಎಣಿಸುವುದು

ಸಾಮಾನ್ಯವಾಗಿ ಪೇಸ್‌ಮೇಕರ್ ಸದಾ ಬಡಿಸುತ್ತಿರುವುದಿಲ್ಲ, ಕಾಯುತ್ತಿರುತ್ತದೆ. ನಿಮ್ಮ ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ. ನಿಗದಿತ ಕನಿಷ್ಠಕ್ಕಿಂತ ನಿಧಾನವಾದರೆ ಮಾತ್ರ ವಿದ್ಯುತ್ ಕೊಟ್ಟು ಬಡಿಸುತ್ತದೆ. ಈ ಕನಿಷ್ಠ ಅನೇಕರಲ್ಲಿ ನಿಮಿಷಕ್ಕೆ 60. ಕೆಲವರಿಗೆ ನಿದ್ದೆಯ ಹೊತ್ತಿಗೆಂದು 50ಕ್ಕೆ ಇಳಿಸಿರುತ್ತಾರೆ. ಗರಿಷ್ಠ ಮಿತಿಯೂ ಒಂದಿರುತ್ತದೆ. ಎರಡೂ ಸಂಖ್ಯೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಅವು ಗೊತ್ತಿಲ್ಲದೆ ನಾಡಿ ಎಣಿಸಿ ಪ್ರಯೋಜನವಿಲ್ಲ.

ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಟ್ಟು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಹೆಬ್ಬೆರಳಲ್ಲೂ ಹಿಡಿಯಬೇಡಿ, ಅದಕ್ಕೆ ತನ್ನದೇ ನಾಡಿಯಿದೆ.

ಕನಿಷ್ಠ 60 ಎಂದಿದ್ದು ಬೆರಳಿಗೆ 46 ಸಿಕ್ಕಿತು ಎನ್ನಿ. ಯಂತ್ರ ಕೆಟ್ಟಿತೆಂದು ಗಾಬರಿಯಾಗುವ ಮುಂಚೆ ನಾಡಿಯ ಲಯ ಗಮನಿಸಿ. ಟಕ್, ಟಕ್, ಆಮೇಲೊಂದು ಖಾಲಿ ಜಾಗ, ಮತ್ತೆ ಜೋರಾಗಿ ಒಂದು ಟಕ್ ಎಂದಿದ್ದರೆ ನಡುವೆ ಅಕಾಲದ ಬಡಿತಗಳು ಬಂದಿರಬಹುದು. ಹೃದಯ ತುಂಬುವ ಮುಂಚೆಯೇ ಬಡಿದದ್ದರಿಂದ ಆ ಬಡಿತದ ರಕ್ತ ಮಣಿಕಟ್ಟಿನವರೆಗೆ ಜೋರಾಗಿ ಬರುವುದಿಲ್ಲ. ಯಂತ್ರ ಅದನ್ನು ಎಣಿಸುತ್ತದೆ, ಬೆರಳು ಎಣಿಸುವುದಿಲ್ಲ. ಬಿಪಿ ನೋಡುವ ಯಂತ್ರ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಇಲ್ಲೇ ಎಡವುತ್ತವೆ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಆಗಲೂ ಕಡಿಮೆಯಿದ್ದರೆ ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ.

ನಾಡಿ ಎಷ್ಟೇ ಇರಲಿ, ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕಾದವು: ಪ್ರಜ್ಞೆ ತಪ್ಪುವುದು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು, ಎದೆನೋವು, ಹೊಸದಾಗಿ ಶುರುವಾದ ಏದುಸಿರು. ನಿಲ್ಲದ ಬಿಕ್ಕಳಿಕೆ ತಮಾಷೆಯಲ್ಲ. ತಂತಿಯ ವಿದ್ಯುತ್ ವಪೆಗೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಅಥವಾ ಅದರ ನರಕ್ಕೆ ತಾಗುತ್ತಿರಬಹುದು. ಡಬ್ಬಿಯ ಸುತ್ತ ಮಾಂಸಖಂಡ ಲಯಬದ್ಧವಾಗಿ ಅದುರುವುದನ್ನೂ, ಆ ಬದಿಯ ಇಡೀ ತೋಳು ಊದಿಕೊಳ್ಳುವುದನ್ನೂ ಬೇಗ ತಿಳಿಸಿ.

ಎಷ್ಟು ದೂರ

ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ನಿಂತುಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಆಗುವುದು ಬೇರೆ: ಯಂತ್ರ ನಿಮ್ಮ ಬಡಿತವನ್ನು ಗಮನಿಸುವುದು ಬಿಟ್ಟು ಒಂದೇ ವೇಗದಲ್ಲಿ ಬಡಿಸತೊಡಗುತ್ತದೆ, ಅಯಸ್ಕಾಂತ ದೂರವಾದೊಡನೆ ಮೊದಲಿನಂತಾಗುತ್ತದೆ. ಬಡಿತ ಅಪಾಯಕಾರಿಯಾಗಿ ಏರಿದಾಗ ಶಾಕ್ ಕೊಡುವ ಐಸಿಡಿ ಎಂಬ ಯಂತ್ರ ಇರುವವರ ಲೆಕ್ಕ ಬೇರೆ: ಅದರ ಮೇಲೆ ಅಯಸ್ಕಾಂತ ಇದ್ದಷ್ಟು ಹೊತ್ತು ಶಾಕ್ ಕೊಡುವ ಕೆಲಸ ನಿಲ್ಲಬಹುದು. ನಿಮ್ಮದು ಯಾವುದೆಂದು ತಿಳಿದಿರಲಿ.

ಮೊಬೈಲು 15 ಸೆಂಟಿಮೀಟರ್ ದೂರದಲ್ಲಿರಲಿ: ಎದೆಯ ಜೇಬಿನಲ್ಲಿ ಬೇಡ, ಮಾತಾಡುವಾಗ ಆಚೆ ಬದಿಯ ಕಿವಿಗೆ ಹಿಡಿಯಿರಿ. ಹಿಂಬದಿಯಲ್ಲಿ ಅಯಸ್ಕಾಂತವಿರುವ ಐಫೋನ್ 12 ಮತ್ತು ಆಮೇಲಿನ ಅಂಥ ಫೋನ್‌ಗಳನ್ನು ವೈರ್‌ಲೆಸ್ ಚಾರ್ಜ್ ಆಗುವಾಗ 30 ಸೆಂಟಿಮೀಟರ್ ಆಚೆ ಇಡಿ ಎಂದು ತಯಾರಕರೇ ಹೇಳುತ್ತಾರೆ. ಇಯರ್‌ಫೋನ್ ಕಿವಿಯಲ್ಲಿದ್ದರೆ ತೊಂದರೆಯಿಲ್ಲ. ತೆಗೆದು ಕತ್ತಿಗೆ ನೇತುಹಾಕಿಕೊಂಡರೆ ಅಥವಾ ಅದರ ಡಬ್ಬಿಯನ್ನು ಎದೆಯ ಜೇಬಿಗೆ ಹಾಕಿಕೊಂಡರೆ ಅಯಸ್ಕಾಂತ ನೇರ ಯಂತ್ರದ ಮೇಲೆ ಬರುತ್ತದೆ.

ಇಂಡಕ್ಷನ್ ಒಲೆಯಿಂದ ಎದೆ 60 ಸೆಂಟಿಮೀಟರ್ ದೂರವಿರಬೇಕು. ನೆಟ್ಟಗೆ ನಿಂತು ತಿರುವಿದರೆ ಅಷ್ಟು ದೂರ ಸಿಗಬಹುದು, ಪಾತ್ರೆಯೊಳಗೆ ಬಗ್ಗಿ ನೋಡಿದರೆ ಸಿಗುವುದಿಲ್ಲ. ಹಿಂದಿನ ಒಲೆ ಬಳಸಿ, ಪಾತ್ರೆ ಒಲೆಯ ವೃತ್ತವನ್ನು ಪೂರ್ತಿ ಮುಚ್ಚಲಿ. ಟೀವಿ, ಫ್ರಿಜ್, ಮಿಕ್ಸಿ, ಮೈಕ್ರೋವೇವ್ ಎಂದಿನಂತೆ ಬಳಸಿ. ಆದರೆ ಮುಟ್ಟಿದರೆ ಜುಮ್ಮೆನ್ನುವ ವಾಷಿಂಗ್ ಮಷೀನ್, ಗೀಸರ್ ಮನೆಯಲ್ಲಿದ್ದರೆ ಮೊದಲು ಅರ್ಥಿಂಗ್ ಸರಿಮಾಡಿಸಿ. ಮೈಗೆ ಸೋರುವ ಆ ಕರೆಂಟನ್ನು ಯಂತ್ರ ಹೃದಯದ ಬಡಿತವೆಂದು ತಿಳಿದು ಸುಮ್ಮನಾಗಬಹುದು. ಮೈಕ್ರೋವೇವ್‌ಗೆ ಹೆದರುವವರು ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ಮೈಕೊಬ್ಬು ಅಳೆಯುವ ತೂಕದ ಯಂತ್ರವೂ ಮೈಯೊಳಗೆ ಸಣ್ಣ ಕರೆಂಟ್ ಹರಿಸುತ್ತದೆ, ಹತ್ತಬೇಡಿ.

ಅಂಗಡಿ ಬಾಗಿಲಿನ ಕಳ್ಳತನ ತಡೆಯುವ ಕಂಬಗಳ ನಡುವೆ ನಿಲ್ಲದೆ, ಒರಗದೆ ನಡೆದುಹೋಗಿ. ವಿಮಾನ ನಿಲ್ದಾಣದಲ್ಲಿ ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡ್ ತೋರಿಸಿ, ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಯಂತ್ರದ ಮೇಲೆ ಆಡಿಸಬೇಡಿ ಎಂದು ಹೇಳಿ. ವೆಲ್ಡಿಂಗ್ ಕೆಲಸದವರು ಆಂಪಿಯರ್ ಎಷ್ಟೆಂದು ಹೇಳಿ ಕ್ಲಿನಿಕ್‌ನಲ್ಲಿ ವಿಚಾರಿಸದೆ ಕೆಲಸಕ್ಕೆ ಮರಳಬೇಡಿ.

ಬೇರೆ ವೈದ್ಯರ ಬಳಿ ಹೋದಾಗ

ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್‌ಗೆ ಅಡ್ಡಿಯಿಲ್ಲ, ಯಂತ್ರ ಇದೆಯೆಂದು ಹೇಳಿದರೆ ಸಾಕು. ಎಂಆರ್‌ಐ ವಿಷಯದಲ್ಲಿ ಡಬ್ಬಿಯೂ ತಂತಿಯೂ ಎರಡೂ ಎಂಆರ್‌ಐಗೆ ಒಪ್ಪುವಂಥವೇ ಎಂದು ನೋಡಬೇಕು; ಹೊಸ ಡಬ್ಬಿಗೆ ಹಳೇ ತಂತಿ ಜೋಡಿಸಿದ್ದರೆ ಲೆಕ್ಕ ಬದಲಾಗುತ್ತದೆ. ಒಪ್ಪುವಂಥದ್ದಾದರೂ ಮೊದಲು ಸೆಟ್ಟಿಂಗ್ ಬದಲಿಸಿ, ಸ್ಕ್ಯಾನ್ ಆದ ಮೇಲೆ ಮತ್ತೆ ಮೊದಲಿನಂತೆ ಮಾಡಬೇಕು. ಫಿಸಿಯೋಥೆರಪಿಯಲ್ಲಿ ಶಾಖ ಕೊಡುವ ಡಯಾಥರ್ಮಿ ಬೇಡವೇ ಬೇಡ, ಮಂಡಿನೋವಿಗೂ ಬೇಡ: ಅದರ ಶಕ್ತಿ ತಂತಿಯ ತುದಿಯನ್ನು ಕಾಯಿಸಿ ಹೃದಯದ ಅಂಗಾಂಶವನ್ನು ಸುಡಬಲ್ಲದು. ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಶಸ್ತ್ರವೈದ್ಯರಿಗೂ ಅರಿವಳಿಕೆಯವರಿಗೂ ತಿಳಿಸಿ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣ ಯಂತ್ರವನ್ನು ದಾರಿತಪ್ಪಿಸಬಹುದು.

ಪೇಸ್‌ಮೇಕರ್ ಬಂತೆಂದು ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸಬೇಡಿ. ಇದು ಬಡಿತದ ವೇಗವನ್ನಷ್ಟೇ ಕಾಯುತ್ತದೆ, ರಕ್ತನಾಳ ಕಟ್ಟುವುದನ್ನು ತಡೆಯುವುದಿಲ್ಲ.

ನಡಿಗೆ, ಸೈಕಲ್ಲು

ನಡಿಗೆಯನ್ನು ಮೊದಲ ವಾರದಿಂದಲೇ ಶುರುಮಾಡಬಹುದು. ಈಜು, ರ‍್ಯಾಕೆಟ್ ಆಟಗಳಿಗೆ ಗಾಯ ಮಾಗಿ ಆರು ವಾರ ಕಳೆಯಲಿ. ಎದೆಗೆ ಪೆಟ್ಟು ಬೀಳುವ ಆಟಗಳನ್ನು ಬಿಡುವುದು ಒಳ್ಳೆಯದು. ಬಹಳ ಪೇಸ್‌ಮೇಕರ್‌ಗಳಲ್ಲಿ ಮೈಯ ಅಲುಗಾಟ ಗುರುತಿಸಿ ಬಡಿತ ಏರಿಸುವ ಸೆನ್ಸರ್ ಇರುತ್ತದೆ. ಅದು ಎದೆಯ ಅಲುಗಾಟವನ್ನು ನೋಡುತ್ತದೆಯೇ ಹೊರತು ನಿಮ್ಮ ದಣಿವನ್ನಲ್ಲ. ಹಾಗಾಗಿ ಗುಂಡಿಬಿದ್ದ ರಸ್ತೆಯಲ್ಲಿ ಸುಮ್ಮನೆ ಕೂತು ಹೋಗುವಾಗ ಬಡಿತ ಏರಬಹುದು, ಸೈಕಲ್ ತುಳಿಯುವಾಗ ಎದೆ ಅಲುಗದೆ ಸಾಲುವಷ್ಟು ಏರದಿರಬಹುದು. ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ, ಓಡುವಾಗ ಒಮ್ಮೆಲೇ ಶಕ್ತಿ ಹೋದಂತಾಗುತ್ತದೆ ಎಂದಾದರೆ ವಯಸ್ಸಾಯಿತು ಎಂದು ಬಿಡಬೇಡಿ. ಯಾವ ಕೆಲಸದಲ್ಲಿ, ಎಷ್ಟು ನಿಮಿಷಕ್ಕೆ ಹೀಗಾಗುತ್ತದೆ ಎಂದು ಬರೆದುಕೊಂಡು ಹೋಗಿ. ಎಷ್ಟೋ ಸಲ ಹೊರಗಿನಿಂದಲೇ ಸೆಟ್ಟಿಂಗ್ ಬದಲಿಸಿ ಸರಿಮಾಡುತ್ತಾರೆ.

ಕಾರಿನ ಸೀಟ್ ಬೆಲ್ಟ್ ಒತ್ತುತ್ತಿದ್ದರೆ ನಡುವೆ ಮಡಚಿದ ಟವೆಲ್ ಇಡಿ, ಬೆಲ್ಟ್ ಮಾತ್ರ ಬಿಡಬೇಡಿ. ವಾಹನ ಓಡಿಸಲು ಯಾವಾಗ ಶುರುಮಾಡಬಹುದು ಎಂದು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಚೆಕಪ್, ಬ್ಯಾಟರಿ, ಕಾರ್ಡ್

ಮೊದಲ ಚೆಕಪ್ ಒಂದರಿಂದ ಮೂರು ತಿಂಗಳೊಳಗೆ, ಆಮೇಲೆ ಸಾಮಾನ್ಯವಾಗಿ ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ. ಎದೆಯ ಮೇಲೆ ಪ್ರೋಗ್ರಾಮರ್ ಎಂಬ ಉಪಕರಣದ ತುದಿ ಇಟ್ಟು ಅಥವಾ ವೈರ್‌ಲೆಸ್ ಮೂಲಕ ಬ್ಯಾಟರಿ, ತಂತಿ, ದಾಖಲಾದ ಬಡಿತದ ಏರುಪೇರು ಎಲ್ಲವನ್ನೂ ಓದುತ್ತಾರೆ. ನೋವಿಲ್ಲ, ಪರೀಕ್ಷೆಯ ನಡುವೆ ಕೆಲವು ಕ್ಷಣ ಎದೆ ಡವಗುಟ್ಟಬಹುದು ಅಷ್ಟೇ. ಯಂತ್ರದ ಮಾಹಿತಿಯನ್ನು ಕ್ಲಿನಿಕ್‌ಗೆ ಕಳಿಸುವ, ಮನೆಯಲ್ಲಿಡುವ ಮಾನಿಟರ್ ಕೊಟ್ಟಿದ್ದರೆ ಅದು ಮಂಚದ ಪಕ್ಕದಲ್ಲೇ ಪ್ಲಗ್ ಆಗಿರಲಿ. ನೆನಪಿಡಿ, ಅದರ ಸುದ್ದಿಯನ್ನು ಯಾರೂ ಇಪ್ಪತ್ತನಾಲ್ಕು ಗಂಟೆಯೂ ನೋಡುತ್ತಾ ಕೂತಿರುವುದಿಲ್ಲ. ತಲೆಸುತ್ತು ಬಂದರೆ ಫೋನ್ ಮಾಡಬೇಕಾದವರು ನೀವೇ.

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ಮೈಯೊಳಗೆ ಕೂರಿಸಿದ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ಬಾಳಿತು. ಒಂದಾದ ಮೇಲೊಂದು ಬದಲಿಸುತ್ತಾ ಅವರು 2001ರವರೆಗೆ ಬದುಕಿದರು. ಈಗಿನ ಬ್ಯಾಟರಿ ಬಹಳ ಮಟ್ಟಿಗೆ 8ರಿಂದ 15 ವರ್ಷ ಬರುತ್ತದೆ. ಯಂತ್ರ ಎಷ್ಟು ಹೆಚ್ಚು ಬಡಿಸಬೇಕೋ ಅಷ್ಟು ಬೇಗ ಮುಗಿಯುತ್ತದೆ. ಅದು ಒಮ್ಮೆಲೇ ಆರುವುದಿಲ್ಲ. ಬದಲಿಸುವ ಕಾಲ ಬಂತೆಂದು ಯಂತ್ರವೇ ಸೂಚಿಸುತ್ತದೆ, ಅಲ್ಲಿಂದ ಸುಮಾರು ಮೂರು ತಿಂಗಳ ಅವಧಿ ಇರುತ್ತದೆ. ಆರಾರು ತಿಂಗಳು ಚೆಕಪ್ ತಪ್ಪಿಸಿದರೆ ಈ ಅವಧಿಯೇ ಕೈತಪ್ಪಿ ಹೋಗುತ್ತದೆ. ಬ್ಯಾಟರಿಯನ್ನಷ್ಟೇ ತೆಗೆದು ಹಾಕಲಾಗದು, ಇಡೀ ಡಬ್ಬಿ ಬದಲಾಗುತ್ತದೆ. ತಂತಿ ಚೆನ್ನಾಗಿದ್ದರೆ ಅದಕ್ಕೇ ಹೊಸದನ್ನು ಜೋಡಿಸುತ್ತಾರೆ. ತಂತಿಗೆ ಕೈಹಾಕದ ಕಾರಣ ಆಗ ಭುಜದ ಕಟ್ಟುಪಾಡು ಕಡಿಮೆ, ಗಾಯದ ಎಚ್ಚರಿಕೆ ಮಾತ್ರ ಅಷ್ಟೇ ಇರಲಿ.

ಕಾರ್ಡಿನಲ್ಲಿ ಡಬ್ಬಿಯ ಮತ್ತು ತಂತಿಗಳ ಮಾಡೆಲ್, ಸೀರಿಯಲ್ ಸಂಖ್ಯೆ, ಹಾಕಿದ ದಿನಾಂಕ, ಆಸ್ಪತ್ರೆಯ ಹೆಸರು ಇರುತ್ತದೆ. ಕಾರ್ಡ್ ಪರ್ಸಿನಲ್ಲಿರಲಿ, ಎರಡೂ ಬದಿಯ ಫೋಟೋ ಮನೆಯವರ ಮೊಬೈಲಿನಲ್ಲಿರಲಿ. ಪೇಸ್‌ಮೇಕರ್ ಇರುವವರು ತೀರಿಕೊಂಡಾಗ ದಹನ ಮಾಡುವುದಾದರೆ ಮೊದಲು ಅದನ್ನು ತೆಗೆಸಬೇಕು ಎಂಬುದೂ ಮನೆಯವರಿಗೆ ಗೊತ್ತಿರಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಡಬ್ಬಿ ಬದಲಿಸಿದಾಗ ಹೊಸ ಕಾರ್ಡ್ ಕೇಳಿ ಪಡೆದು, ಹಳೆಯದರ ಮೇಲೆ ಗೀಟು ಹಾಕಿ ಫೈಲಿನಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಒಳಗಿರುವ ಹಳೇ ತಂತಿಯ ವಿವರ ಬಹುಶಃ ಅದರಲ್ಲೇ ಇರುತ್ತದೆ.